ಮೆಟ್ಟಿಲ ಮೇಲೆ ಕೂತ ಬಾಡಿಗೆದಾರ

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ನನಗೆ ಹೊಸದಲ್ಲ. ಆಯುಷ್ಯದ ಅರ್ಧಕ್ಕೂ ಹೆಚ್ಚು ಪಾಲು ಅದನ್ನು ಬೇರೆಯವರ ಮೊಣಕೈಗೆ ಒರೆಸಿಯೇ ಹೊಟ್ಟೆ ಹೊರೆದವನು ನಾನು. ಆದರೆ ಹೋದ ತಿಂಗಳು ಶಿವಮೊಗ್ಗದ ಲ್ಯಾಬೊಂದರಲ್ಲಿ ಅದೇ ಹತ್ತಿ ನನ್ನ ಕೈಗೆ ತಣ್ಣಗೆ ತಾಗಿದಾಗ, ಸೂಜಿ ಇನ್ನೂ ಗಾಳಿಯಲ್ಲಿರುವಾಗಲೇ ಕಣ್ಣು ಮುಚ್ಚಿಕೊಂಡೆ. ಚುಚ್ಚುವವರು ಚುಚ್ಚಿಸಿಕೊಳ್ಳಲು ಲಾಯಕ್ಕಲ್ಲ ಎಂದು ಅವತ್ತು ಗೊತ್ತಾಯಿತು.

ಹೋಗಿದ್ದು ಮರೆವಿನ ಕಾರಣಕ್ಕೆ. ಬೀಗರ ಮನೆಯ ನಾಮಕರಣಕ್ಕೆ ಒಂದು ವಾರ ಮೊದಲೇ ಹೋಗಿ, ಸೂಟು ಹಾಕಿಕೊಂಡು, ಬೆಳ್ಳಿ ಬಟ್ಟಲು ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದೆ. ಅವರು ಪಾಪ ಉಪ್ಪಿಟ್ಟು ಮಾಡಿಕೊಟ್ಟು ಕಳಿಸಿದರು. ಹೆಂಡತಿ ನಕ್ಕು ಸುಮ್ಮನಾದಳು. ನನಗೆ ಸುಮ್ಮನಾಗಲು ಬರುವುದಿಲ್ಲ. ಹಲ್ಲು ನೋವಾದರೆ ದವಡೆಯ ಆಪರೇಷನ್ನಿನವರೆಗೆ ಯೋಚಿಸುವ ಜಾತಿ ನನ್ನದು. ಥೈರಾಯ್ಡು, ಸಕ್ಕರೆ, ವಿಟಮಿನ್ನು ಎಲ್ಲ ನೋಡಿಸಿಬಿಡೋಣ ಎಂದು ಹೊರಟೆ.

ರಕ್ತ ತೆಗೆದ ಹುಡುಗಿ ಒಂದು ಕಾಲಕ್ಕೆ ನನ್ನ ಕೈಕೆಳಗೆ ಕೆಲಸ ಕಲಿತವಳು. ಈಗ ಅಲ್ಲಿ ಅವಳೇ ಮುಖ್ಯಸ್ಥೆ. ನನ್ನ ಮುಖ ನೋಡಿ ಸಮಾಧಾನಕ್ಕೆಂದು ಮಾತು ತೆಗೆದಳು. “ಈಗ ಮರೆವನ್ನೂ ರಕ್ತದಲ್ಲೇ ನೋಡೋಕೆ ಹೊರಟಿದ್ದಾರೆ ಸರ್. ಎಚ್‌ಐವಿ ಇರೋರಿಗೆ ತಲೆ ಮಂಕಾದರೆ, ಅದು ಮಿದುಳಿಗೇ ತಾಗಿದ್ದೋ ಅಥವಾ ಬರೀ ಸುಸ್ತೋ ಅಂತ. ನರ ಸವೆದರೆ ಅದರ ಪುಡಿ ರಕ್ತಕ್ಕೆ ಬರ್ತದಂತೆ. ಇನ್ನೂ ಸಂಶೋಧನೆಯಲ್ಲೇ ಇದೆ, ನಮ್ಮ ಕಡೆಗೆಲ್ಲ ಬಂದಿಲ್ಲ.”

ಅವಳು ಹತ್ತಿ ಒತ್ತಿ ಹಿಡಿದು ಇನ್ನೂ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿ, ತೋಳು ಚಾಚಿ, ಶಿಕಾರಿಪುರದ ನಮ್ಮ ಲ್ಯಾಬಿನ ಮರದ ಸ್ಟೂಲಿನ ಮೇಲೆ ಕೂತ ಇನ್ನೊಬ್ಬರು ನೆನಪಾದರು. “ಮೆಲ್ಲಗ ಚುಚ್ರಿ ರಕ್ತದ ಮೇಷ್ಟ್ರೇ, ಒಳಗ ಇರೋನಿಗೆ ನೋವಾದೀತು…”

ಖಾನಾವಳಿ ಅಕ್ಕ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಸೊರಬದ ಕಡೆಯವನು, ಆಗಷ್ಟೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಶಿಕಾರಿಪುರದ ಒಬ್ಬ ಡಾಕ್ಟರ ಹತ್ತಿರ ಸೇರಿಕೊಂಡಿದ್ದೆ. ವಾರಕ್ಕೊಂದು ದಿನ ಸೊರಬಕ್ಕೆ ಹೋಗಿ ಅಲ್ಲಿನ ಡಾಕ್ಟರ ರೋಗಿಗಳ ರಕ್ತ ತೆಗೆದು ಐಸು ಹಾಕಿದ ಡಬ್ಬಿಯಲ್ಲಿ ತರುವುದೂ ನನ್ನ ಕೆಲಸವೇ. ಒಂಟಿ ಕೋಣೆಯ ವಾಸ. ಅಡುಗೆ ಬಾರದು. ಒಮ್ಮೆ ಅನ್ನ ಮಾಡಲು ಹೋಗಿ, ಕುಕ್ಕರು ಸಿಡಿದೀತೆಂಬ ಹೆದರಿಕೆಗೆ ಮೊದಲ ಸೀಟಿಗೇ ಆರಿಸಿ ಅಕ್ಕಿ ತಿಂದಿದ್ದೆ. ಹಾಗಾಗಿ ಎರಡು ಹೊತ್ತೂ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ಖಾನಾವಳಿಯೇ ಗತಿ.

ಖಾನಾವಳಿ ಎಂದರೆ ದೊಡ್ಡದೇನಲ್ಲ. ಅವರ ಮನೆಯ ಪಡಸಾಲೆಯಲ್ಲಿ ಎರಡು ಉದ್ದನೆಯ ಬೆಂಚು, ಒಳಗೆ ಅಡುಗೆಮನೆ, ನಡುವೆ ಬಾಗಿಲಿಲ್ಲದ ಬಾಗಿಲು. ಅಲ್ಲಿಂದಲೇ ಅಕ್ಕ ನಮ್ಮೆಲ್ಲರ ಮೇಲೆ ಕಣ್ಣಿಟ್ಟಿರುತ್ತಿದ್ದರು. ಊಟಕ್ಕೆ ಬರುವವರು ಬ್ಯಾಂಕಿನವರು, ಸರ್ವೆ ಇಲಾಖೆಯವರು, ಬಟ್ಟೆ ಅಂಗಡಿಯ ಗುಮಾಸ್ತರು, ನಾನು. ಯಾರಿಗೂ ಏನು ಬೇಕೆಂದು ಅವರು ಕೇಳಿದ್ದನ್ನು ಕಂಡಿಲ್ಲ. ಬ್ಯಾಂಕಿನವರಿಗೆ ಖಡಕ್ ರೊಟ್ಟಿ, ಸರ್ವೆಯವರಿಗೆ ಮೆತ್ತಗಿನದು, ಗುಮಾಸ್ತರಿಗೆ ಬದನೆಕಾಯಿ ಆಗದು, ಅವರ ತಟ್ಟೆಗೆ ಹೆಸರುಕಾಳಿನ ಪಲ್ಯ. ನಾನು ಬರುವ ಮೊದಲೇ ನನ್ನ ಜಾಗದಲ್ಲಿ ಕುದಿಸಿ ಆರಿಸಿದ ನೀರು. “ಕೆರಿ ನೀರಿನಾಗ ಹುಳ ಐತಿ ಅಂತ ದಿನಾ ಮಷೀನಿನಾಗ ನೋಡ್ತಾರ ಪಾಪ, ಹೆಂಗ ಕುಡೀತಾರ?” ಎಂದು ಎಲ್ಲರೆದುರೂ ಹೇಳಿ ನಗಿಸುತ್ತಿದ್ದರು. ವರ್ಷದ ಹಿಂದೆ ಒಮ್ಮೆ ಬಂದು ಹೋದ ಗೊಬ್ಬರದ ಕಂಪನಿಯ ಏಜೆಂಟನಿಗೆ ಮಜ್ಜಿಗೆಯಲ್ಲಿ ಶುಂಠಿ ಬೇಡ ಎಂಬುದೂ ಅವರ ನೆನಪಿನಲ್ಲಿರುತ್ತಿತ್ತು. ಆ ಖಾನಾವಳಿಯ ಬಂಡವಾಳವೇ ಅವರ ನೆನಪು.

ಅವರ ಯಜಮಾನರು ಅಕ್ಕಿ ಗಿರಣಿಯ ಯಂತ್ರ ಜೋಡಿಸಲು ಊರೂರು ಸುತ್ತುತ್ತಿದ್ದವರು. ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಯಾವ ಕಾಯಿಲೆಯಿಂದ ಎಂದು ಬೀದಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಅಕ್ಕನ ರಕ್ತ ಶಿವಮೊಗ್ಗಕ್ಕೆ ಹೋಗಿ ಬಂದ ಮೇಲೆ. ನಮ್ಮ ಡಾಕ್ಟರು ಕೋಣೆಯ ಬಾಗಿಲು ಹಾಕಿ, ಕನ್ನಡಕ ತೆಗೆದು, ಮತ್ತೆ ಹಾಕಿ, ಹೇಗೆ ಹೇಳುವುದೆಂದು ತಡಕಾಡುತ್ತಿದ್ದರೆ ಅಕ್ಕನೇ ಅವರ ಕೆಲಸ ಹಗುರ ಮಾಡಿದರು.

“ಗೊತ್ತಾತು ಬಿಡ್ರಿ. ನಮ್ಮೋರು ಹೋಗೋವಾಗ ಒಬ್ಬ ಬಾಡಿಗೆದಾರನ್ನ ಬಿಟ್ಟು ಹೋಗ್ಯಾರ.”

ಅಂದಿನಿಂದ ಎಚ್‌ಐವಿ ವೈರಸ್ಸಿಗೆ ನಮ್ಮ ಮೂವರ ನಡುವೆ ಅದೇ ಹೆಸರು. ಬಾಡಿಗೆದಾರ. ಬಾಡಿಗೆ ಕೊಡುವುದಿಲ್ಲ, ಬಿಡಿಸಲೂ ಆಗುವುದಿಲ್ಲ. ಆಗ ನಮ್ಮ ಕಡೆ ಅದಕ್ಕೆ ಕೈಗೆಟುಕುವ ಔಷಧವೇ ಇರಲಿಲ್ಲ. ಆಸ್ಪತ್ರೆಯ ಗೋಡೆಗಳ ಮೇಲೆ ಏಡ್ಸ್ ಎಂದು ಹೆದರಿಸುವ ತಲೆಬುರುಡೆಯ ಚಿತ್ರ ಇತ್ತು, ಅಷ್ಟೇ.

ಇನ್ನು ನನ್ನ ಶೌರ್ಯದ ವಿಷಯ. ಊಟದಿಂದ, ಲೋಟದಿಂದ, ಮುಟ್ಟುವುದರಿಂದ ಅದು ಹರಡುವುದಿಲ್ಲವೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಅವತ್ತು ಮಧ್ಯಾಹ್ನ ಖಾನಾವಳಿಗೆ ಹೋಗಿ ರೊಟ್ಟಿಯನ್ನು ಎರಡೂ ಕಡೆ ತಿರುಗಿಸಿ ನೋಡುತ್ತಾ ಕೂತೆ. ಅಕ್ಕ ಅಡುಗೆಮನೆಯಿಂದಲೇ, “ಯಾಕ, ಮಷೀನು ತರಬೇಕಿತ್ತೇನು?” ಎಂದರು. ಎಣ್ಣೆಗಾಯಿಯ ಘಮ ಮೂಗಿಗೆ ಬಂತು. ಓದಿದ್ದಕ್ಕೂ ಹೆದರಿಕೆಗೂ ಜಗಳ ನಡೆಯುತ್ತಿರುವಾಗ ಎಣ್ಣೆಗಾಯಿ ಗೆದ್ದಿತು. ಪುಸ್ತಕ ಗೆದ್ದಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಒಂದೆರಡು ವರ್ಷ ಹೀಗೇ ಸಾಗಿತು. ಬಾಡಿಗೆದಾರ ಸದ್ದಿಲ್ಲದೆ ಇದ್ದ. ಆಮೇಲೆ ಉಪ್ಪು ಹೆಚ್ಚಾಗತೊಡಗಿತು.

ಮೊದಲು ಒಂದು ದಿನ ಸಾರಿನಲ್ಲಿ. ಯಾರೂ ಏನೂ ಅನ್ನಲಿಲ್ಲ. ಮುಂದಿನ ವಾರ ಪಲ್ಯದಲ್ಲಿ. ಅಕ್ಕನ ಕೈ ತಪ್ಪುವುದೆಂದರೆ ನಮಗೆ ನಂಬಲು ಆಗದ ಸಂಗತಿ, ಹಾಗಾಗಿ ಎಲ್ಲರೂ ತಂತಮ್ಮ ನಾಲಿಗೆಯನ್ನೇ ಅನುಮಾನಿಸಿದೆವು. ಸರ್ವೆಯವರು ಒಂದು ಚೊಂಬು ನೀರನ್ನು ಗಟಗಟ ಕುಡಿದು “ನೆತ್ತಿಗೇರಿತು” ಎಂದರು. ಬ್ಯಾಂಕಿನವರು ಎರಡೆರಡು ಸಲ ಮೊಸರು ಹಾಕಿಸಿಕೊಂಡರು. ಬಿಸಿಲು ಜಾಸ್ತಿಯಾಯಿತು, ಮೈಗೆ ಉಪ್ಪು ಬೇಕು ಎಂದು ಗುಮಾಸ್ತರು ವೈದ್ಯರಂತೆ ಮಾತಾಡಿದರು. ಅವರಿಗೆಲ್ಲ ಕಾಯಿಲೆಯ ಸುಳಿವಿಲ್ಲ. ಅಕ್ಕನ ಮೇಲಿನ ಮರ್ಯಾದೆ ಅಷ್ಟೇ. ಹೀಗೆ ನಾವೆಲ್ಲ ಸೇರಿ, ಯಾರೂ ಯಾರಿಗೂ ಹೇಳದೆ, ಒಂದು ಬೇಸಿಗೆಯಿಡೀ ಸಮುದ್ರ ಉಂಡೆವು.

ಗುಟ್ಟು ಒಡೆದವನು ಆ ಗೊಬ್ಬರದ ಏಜೆಂಟು. ಒಂದು ತುತ್ತು ಬಾಯಿಗಿಟ್ಟವನೇ “ಏನ್ರೀ ಅಕ್ಕಾರ, ಉಪ್ಪಿನ ಮೂಟಿ ಒಡೀತೇನು?” ಎಂದ. ನಾವೆಲ್ಲ ಅವನನ್ನು ಸುಟ್ಟುಬಿಡುವಂತೆ ನೋಡಿದೆವು. ಅಕ್ಕ ಹೊರಗೆ ಬಂದು ಅವನ ತಟ್ಟೆಯನ್ನಲ್ಲ, ನಮ್ಮ ತಟ್ಟೆಗಳನ್ನು ನೋಡಿದರು. ಎಲ್ಲ ತಟ್ಟೆಯಲ್ಲೂ ಮೊಸರು. ಎಲ್ಲರ ಮುಂದೂ ಖಾಲಿ ಚೊಂಬು. ಒಳಗೆ ಹೋಗಿ ಸಾರಿನ ರುಚಿ ನೋಡಿದರು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತು ತೋಳು ಚಾಚಿದರು.

“ಇವತ್ತು ಡಾಕ್ಟರು ಏನೂ ಬರ್ದಿಲ್ವಲ್ಲ ಅಕ್ಕ.”

“ನಾ ಬರದೀನಿ. ತಗೀರಿ. ಬಾಡಿಗೆದಾರ ಅಟ್ಟ ಹತ್ಯಾನೋ ಇಲ್ಲೋ ನೋಡ್ರಿ.”

ಅರ್ಥವಾಗದೆ ನೋಡಿದೆ. ಅವರು ಬೆರಳಿನಿಂದ ಹಣೆ ತಟ್ಟಿ ತೋರಿಸಿದರು. ಯಜಮಾನರ ಕೊನೆಯ ತಿಂಗಳುಗಳಲ್ಲಿ ಹಾಗೇ ಆಗಿತ್ತಂತೆ. ತಿರುಗಿಸುತ್ತಿದ್ದ ಸ್ಪ್ಯಾನರನ್ನು ಕೈಯಲ್ಲೇ ಹಿಡಿದು ಇದೇನೆಂದು ಕೇಳುತ್ತಿದ್ದರಂತೆ… “ರಕ್ತದಾಗ ಅದು ಐತೋ ಇಲ್ಲೋ ಗೊತ್ತಾಗತೈತಿ. ತಲಿಗೆ ಏರೈತೋ ಇಲ್ಲೋ ಗೊತ್ತಾಗಂಗಿಲ್ಲೇನು?”

“ಇಲ್ಲ ಅಕ್ಕ. ಮರೆವು ರಕ್ತದಲ್ಲಿ ಕಾಣೋದಿಲ್ಲ.”

ಡಾಕ್ಟರೂ ಅದನ್ನೇ ಹೇಳಿದರು. ರಕ್ತ ಕಡಿಮೆಯಿದೆ, ನಿದ್ದೆಯಿಲ್ಲ, ಒಬ್ಬರೇ ದುಡಿಯುತ್ತೀರಿ, ಅದರಿಂದಲೂ ಇರಬಹುದು. ಬಾಡಿಗೆದಾರನಿಂದಲೂ ಇರಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವ ಉಪಾಯ ತಮ್ಮ ಹತ್ತಿರ ಇಲ್ಲ. ಅಕ್ಕ ಕೇಳಿಸಿಕೊಂಡು ಬಳೆಗಳನ್ನು ಕೆಳಗೆ ಸರಿಸಿದರು. ಹೊರಗೆ ಬಂದ ಮೇಲೆ ನನ್ನೆದುರು ಮಾತ್ರ ಹೇಳಿದರು. “ಉಪ್ಪು ಹೆಚ್ಚಾದ್ರ ನೀರು ಕುಡೀತೀರಿ. ಗ್ಯಾಸ್ ತಿರುವಿ ಕಡ್ಡಿ ಗೀರೋದು ಮರತ್ರ? ಆಮ್ಯಾಲೆ ನೆನಪಾಗಿ ಗೀರಿದ್ರ? ನಾ ಒಬ್ಬಾಕಿ ಹೋಗಂಗಿಲ್ಲ, ನೀವೆಲ್ಲ ಸಾಲಾಗಿ ಕುಂತಿರ್ತೀರಿ. ಖರೇನ ಅಟ್ಟ ಹತ್ತಿದ್ರ ಇವತ್ತ ಬಾಗಿಲು ಹಾಕ್ತೀನಿ. ಹತ್ತಿಲ್ಲಂದ್ರ ಸುಮ್ಮನ ಯಾಕ ಹಾಕಲಿ? ಬಾಗಿಲು ಹಾಕಿದ ಮ್ಯಾಲ ಆ ಮನಿಯಾಗ ನಾನು ಅವನು ಇಬ್ರ…”

ಅವರು ನಗದೆ ಮಾತು ಮುಗಿಸಿದ್ದು ನಾನು ಕಂಡಂತೆ ಅದೊಂದೇ ಸಲ.

ಆದರೆ ಎರಡು ದಿನಕ್ಕೆ ಅವರೇ ಒಂದು ಟೆಸ್ಟು ಕಂಡುಹಿಡಿದರು. ಊಟ ಮುಗಿದು ಎಲ್ಲರೂ ಎದ್ದ ಮೇಲೆ ನನ್ನನ್ನು ನಿಲ್ಲಿಸಿ, ಹಳೆಯ ಅಳಗುಳಿ ಮಣೆಯನ್ನು ಬೆಂಚಿನ ಮೇಲಿಟ್ಟರು. ಎರಡು ಸಾಲು ಗುಳಿಗಳ ಮರದ ಮಣೆ, ಹುಣಸೆ ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗುವುದು, ಎಲ್ಲಿ ನಿಂತರೆ ಎಷ್ಟು ಬೀಜ ನಮ್ಮ ಪಾಲಾಗುತ್ತದೆಂದು ಮೊದಲೇ ಲೆಕ್ಕ ಹಾಕಿ ಹೊರಡುವುದು. ಎಲ್ಲ ತಲೆಯದೇ ಕೆಲಸ. ಮದುವೆಯಾಗಿ ಬಂದಾಗಿನಿಂದ ಆ ಮಣೆಯ ಮೇಲೆ ಅಕ್ಕನನ್ನು ಸೋಲಿಸಿದವರು ಬೀದಿಯಲ್ಲಿ ಇಲ್ಲವಂತೆ. “ನೀವು ಓದಿದೋರು. ಮನಸಿಟ್ಟು ಆಡ್ರಿ. ನೀವು ಗೆದ್ದ ದಿನ ಅವನು ಅಟ್ಟ ಹತ್ತಿದ ಅಂತ ತಿಳಕೋತೀನಿ.”

ನನ್ನ ಮೇಲೆ ಎಂಥ ಭಾರ! ಗೆದ್ದರೆ ಅವರ ತಲೆ ಕೆಟ್ಟಂತೆ. ಬೇಕೆಂದೇ ಸೋತರೆ ಟೆಸ್ಟೇ ಕೆಟ್ಟಂತೆ. ಅವತ್ತು ರಾತ್ರಿಯೆಲ್ಲ ಹೊರಳಾಡಿ, ಏನೇ ಆಗಲಿ ಪ್ರಾಮಾಣಿಕವಾಗಿ ಆಡುವುದೆಂದು ನಿಶ್ಚಯಿಸಿದೆ. ಅಷ್ಟು ಯೋಚಿಸುವ ಅಗತ್ಯವೇ ಇರಲಿಲ್ಲ. ಪೂರ್ತಿ ಬುದ್ಧಿ ಖರ್ಚು ಮಾಡಿ ಆಡಿಯೂ ಸೋತೆ. ಮರುದಿನವೂ ಸೋತೆ. ಒಂದು ದಿನ ನನ್ನ ಕಡೆ ಬೀಜವೇ ಇಲ್ಲದೆ, ಖಾಲಿ ಗುಳಿಗಳನ್ನು ನೋಡುತ್ತಾ ಕೂತಿದ್ದಾಗ ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. “ಇದೇನು ಬಂತ್ರೀ ಟೆಸ್ಟು! ನಿಮ್ಮನ್ನ ಸೋಲಸಾಕ ನನಗ ತಲಿ ಯಾಕ ಬೇಕು? ಬೆಕ್ಕು ಕೂರಿಸಿದ್ರೂ ಗೆಲ್ಲತೈತಿ.”

ಅಳೆಯುವ ಪಾವಿಗೇ ತೂತಿದ್ದರೆ ಅಕ್ಕಿ ಎಷ್ಟೆಂದು ಯಾರಿಗೆ ಗೊತ್ತಾಗುತ್ತದೆ? ಗೊತ್ತಾಗಬೇಕೆಂದರೆ ಅಕ್ಕನ ಆಟ ಬಲ್ಲವರು ಬೇಕು. ಅಂಥವರು ಒಬ್ಬರೇ. ಅವರ ನಾದಿನಿ, ಯಜಮಾನರ ತಂಗಿ. ಅಕ್ಕ ಮದುವೆಯಾಗಿ ಬಂದಾಗ ಇನ್ನೂ ಲಂಗ ಉಡುತ್ತಿದ್ದ ಹುಡುಗಿ. ದಿನಾ ಮಧ್ಯಾಹ್ನ ಅತ್ತಿಗೆ ನಾದಿನಿ ಆ ಮಣೆಯ ಮುಂದೆ ಕೂತರೆ ಎಬ್ಬಿಸಲು ಅತ್ತೆ ಬರಬೇಕಿತ್ತಂತೆ. ಆಮೇಲೆ ಸೊರಬದ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಟ್ಟರು. ಅಣ್ಣನ ಕಾಯಿಲೆ ಏನೆಂದು ಆ ಮನೆಯವರಿಗೆ ಗೊತ್ತಾದ ಮೇಲೆ ಹೋಗುವುದು ಬರುವುದು ನಿಂತಿತು. ಅಣ್ಣನ ತಿಥಿಗೂ ಕಳಿಸಲಿಲ್ಲ.

“ಆಕಿ ಬರ್ತಾಳೋ ಇಲ್ಲೋ. ಆದ್ರ ಕೇಳಿ ನೋಡ್ರಿ,” ಎಂದರು ಅಕ್ಕ. “ಸುಳ್ಳು ಹೇಳಾಕ ಬರಂಗಿಲ್ಲ ಆಕಿಗೆ. ಸಣ್ಣಾಕಿ ಇದ್ದಾಗಿಂದ.”

ಗುರುವಾರ ನನ್ನ ಸೊರಬದ ದಿನ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಹೇಳುವುದೆಂದು ಬಾಯಿಪಾಠ ಮಾಡಿದೆ. ಅಂಗಡಿಯ ಮುಂದೆ ನಿಂತಾಗ ಎಲ್ಲ ಮರೆತುಹೋಯಿತು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಹೆಂಗಸು, ಅಕ್ಕ ಹೇಳಿದ ಗುರುತಿನ ನಾದಿನಿಯೇ, “ಏನು ಕೊಡ್ಲಿ?” ಎಂದಾಗ ನಾನು ಹೇಳಿದ್ದು, “ನಾನು ರಕ್ತದ ಕಡೆಯವನು.”

ಆ ಹೆಂಗಸು ಬೆಚ್ಚಿದರು. ನಾನೂ ಬೆಚ್ಚಿದೆ. ಅಂಗಿ ಬಟ್ಟೆ ನೋಡುವ ನೆಪ ಮಾಡಿ, ತಡವರಿಸುತ್ತಾ, ಅಂತೂ ವಿಷಯ ಹೇಳಿದೆ. ಉಪ್ಪು, ಮಣೆ, ನನ್ನ ಸೋಲುಗಳು. ಅವರು ಬಟ್ಟೆಯನ್ನು ಅಳೆಯುತ್ತಲೇ ಇದ್ದರು, ಅದೇ ತುಂಡನ್ನು ಮತ್ತೆ ಮತ್ತೆ. ಒಳಗಿನಿಂದ ಅವರ ಅತ್ತೆ ಯಾರದು ಎಂದು ಕೇಳಿದರು. “ಗಿರಾಕಿ,” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಇಲ್ಲಿಗೆ ಬರೋದು ಬ್ಯಾಡ ಮಾರಾಯ್ರೆ. ಅಮಾಸೆಗೆ ಬಳ್ಳಿಗಾವಿ ಗುಡಿಗೆ ಬರ್ಲಿ. ಅಮಾಸೆ ಪೂಜೆ ಅಂದ್ರೆ ನನ್ನನ್ನ ಯಾರೂ ತಡೆಯಲ್ಲ. ಎಲ್ಲಿ ಕೂರೋದು ಅಂತ ಅತ್ತಿಗೆಗೆ ಗೊತ್ತು,” ಎಂದರು. ನಾನು ಬೇಡದ ಅಂಗಿ ಬಟ್ಟೆ ಒಂದನ್ನು ಕೊಂಡು ಹೊರಗೆ ಬಂದೆ.

ಅಮಾವಾಸ್ಯೆಗೆ ಖಾನಾವಳಿಗೆ ರಜೆ. ಅಕ್ಕ ಬೆಳಿಗ್ಗೆಯೇ ಎದ್ದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹುಣಸೆ ಬೀಜದ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು, ಜೊತೆಗೆ ನಾನು. ಮಣೆ ತೆಗೆದುಕೊಳ್ಳಲಿಲ್ಲ. ಯಾಕೆಂದು ಅಲ್ಲಿ ಹೋದ ಮೇಲೆ ತಿಳಿಯಿತು. ಗುಡಿಯ ಮುಖಮಂಟಪದ ಪಕ್ಕದ ಕಲ್ಲಿನ ಜಗಲಿಯಲ್ಲಿ, ಯಾವ ಕಾಲದವರೋ ಕೊರೆದ ಎರಡು ಸಾಲು ಗುಳಿಗಳಿದ್ದವು. ಅಕ್ಕನ ಮದುವೆಯಾದ ಹೊಸದರಲ್ಲಿ ಮನೆಯವರೆಲ್ಲ ಬಂದಾಗ ಅತ್ತಿಗೆ ನಾದಿನಿ ಅಲ್ಲಿ ಆಡಿದ್ದರಂತೆ.

ನಾದಿನಿ ಮೊದಲೇ ಬಂದು ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಳುತ್ತಾರೆಂದು ನಾನು ಕರ್ಚೀಫು ಹುಡುಕುತ್ತಿದ್ದೆ. ಅಕ್ಕ, “ದಪ್ಪ ಆಗೀಯಲ್ಲೇ,” ಎಂದರು. ನಾದಿನಿ, “ನೀವು ಅರ್ಧ ಆಗೀರಿ ಅತ್ತಿಗೆ,” ಎಂದರು. ಅಷ್ಟೇ. ಅಕ್ಕ ಬೀಜಗಳನ್ನು ಕಲ್ಲಿನ ಮೇಲೆ ಸುರಿದು ಸ್ವಲ್ಪ ಹಿಂದೆ ಸರಿದು ಕೂತರು, ತಾವು ಮುಟ್ಟಿದ ಬೀಜವನ್ನು ನಾದಿನಿ ಮುಟ್ಟುತ್ತಾಳೋ ಇಲ್ಲವೋ ಎಂಬಂತೆ. ನಾದಿನಿ ಎರಡೂ ಕೈಯಿಂದ ಬಾಚಿ ಗುಳಿಗಳಿಗೆ ತುಂಬತೊಡಗಿದರು. “ಇವರನ್ನ ಆ ಕಡೆ ಕೂರಕ್ಕೆ ಹೇಳಿ ಅತ್ತಿಗೆ, ಮೇಲೆ ಬಿದ್ದು ನೋಡ್ತಾರೆ,” ಎಂದು ನನ್ನನ್ನು ಕಂಬದ ಹಿಂದೆ ಅಟ್ಟಿದರು.

ಕಂಬದ ಹಿಂದಿನಿಂದ ಬೀಜಗಳ ಸದ್ದು ಮಾತ್ರ ಕೇಳುತ್ತಿತ್ತು. ಟಕ್ ಟಕ್ ಎಂದು ಕಲ್ಲಿಗೆ ಬೀಳುವುದು, ನಿಲ್ಲುವುದು, ಮತ್ತೆ. ಆಟ ಮುಗಿದಾಗ ಬಗ್ಗಿ ನೋಡಿದೆ. ಅಕ್ಕ ಗೆದ್ದಿದ್ದರು! ನಾನು ಜಗಲಿಯಿಂದ ಹಾರಿ, “ಗೆದ್ರಲ್ಲ ಅಕ್ಕ! ಏನೂ ಆಗಿಲ್ಲ ನಿಮಗೆ!” ಎಂದು ಕೂಗಿದೆ. ಗುಡಿ ನೋಡಲು ಬಂದವರು ತಿರುಗಿ ನೋಡಿದರು.

ನಾದಿನಿ ನಗಲಿಲ್ಲ. ಅಕ್ಕನೂ ನಗಲಿಲ್ಲ. ನಾದಿನಿಯ ಬಾಯಿಯನ್ನೇ ನೋಡುತ್ತಿದ್ದರು.

“ಗೆದ್ದಿದ್ದು ಹೌದು,” ಎಂದರು ನಾದಿನಿ ನಿಧಾನವಾಗಿ. “ಆದ್ರೆ ಮೊದ್ಲು ನೀವು ಎಣಿಸ್ತಿರಲಿಲ್ಲ ಅತ್ತಿಗೆ. ಗುಳಿ ನೋಡಿದ್ರೆ ಸಾಕಿತ್ತು, ಕೈ ಹೊರಟೇಬಿಡ್ತಿತ್ತು. ಈಗ ಎಣಿಸ್ತೀರಿ. ತುಟಿ ಅಲ್ಲಾಡ್ತದೆ.”

ಅಷ್ಟು ದಿನ ಅವರೆದುರು ಕೂತು ಆಡಿದವನು ನಾನು, ನನಗೆ ಆ ತುಟಿ ಕಂಡಿರಲಿಲ್ಲ. ಹೇಗೆ ಕಾಣಬೇಕು? ಮೊದಲಿನ ತುಟಿಯನ್ನು ನಾನು ಕಂಡವನೇ ಅಲ್ಲ.

ಅಕ್ಕ ಒಂದು ಬೀಜ ಎತ್ತಿಕೊಂಡು ಬೆರಳ ನಡುವೆ ಉರುಳಿಸಿದರು. “ಅಂದ್ರ ಅಟ್ಟ ಹತ್ಯಾನ.”

ಬಾಡಿಗೆದಾರನ ಕತೆ ನಾದಿನಿಗೆ ಅಲ್ಲಿಯೇ ಹೇಳಬೇಕಾಯಿತು. ಕೇಳಿ ಸ್ವಲ್ಪ ಹೊತ್ತು ಯೋಚಿಸಿದರು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ, ಒಂದು ಮಾತು ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಹೇಳಿದರು. “ಇಲ್ಲ. ಅಟ್ಟ ಹತ್ತಿಲ್ಲ. ಮೆಟ್ಟಿಲ ಮೇಲೆ ಕೂತಾನೆ.”

ಅಕ್ಕನ ಭುಜ ಕುಲುಕತೊಡಗಿತು. ಅಳು ಎಂದುಕೊಂಡೆ. ನಗು. “ಕುಂತಿರ್ಲಿ ಬಿಡು,” ಎಂದರು. “ಮೆಟ್ಟಲಾ ಎತ್ತರ ಅದಾವು, ದಮ್ಮು ಹತ್ತೈತಿ ಅವಗ.” ನಾದಿನಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರು. ನನ್ನ ಕರ್ಚೀಫು ಕೊನೆಗೂ ಉಪಯೋಗಕ್ಕೆ ಬಂತು. ಒರೆಸಿಕೊಂಡವನು ನಾನು.

ಬುತ್ತಿ ಬಿಚ್ಚಿದಾಗ ಅಕ್ಕ ರೊಟ್ಟಿಯನ್ನು ನಾದಿನಿಯ ಕೈಗೆ ಕೊಡದೆ ಎಲೆಯನ್ನು ಅವರ ಕಡೆ ಸರಿಸಿದರು. ಬೇಡವಾದರೆ ಬಿಡಲಿ ಎಂಬಂತೆ. ನಾದಿನಿ ಅಕ್ಕನ ಎಲೆಯಿಂದಲೇ ಮುರಿದುಕೊಂಡು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ಅಕ್ಕನ ಮುಖ ಬಿಳಿಚಿಕೊಂಡಿತು.

“ಅತ್ತಿಗೆ, ಇದಕ್ಕೆ ಉಪ್ಪೇ ಹಾಕಿಲ್ಲ!”

ಎರಡು ಸಲ ಹಾಕಿಬಿಟ್ಟೇನೆಂಬ ಹೆದರಿಕೆಗೆ ಅಕ್ಕ ಒಂದು ಸಲವೂ ಹಾಕಿರಲಿಲ್ಲ. ಚಟ್ನಿಗೂ ಇಲ್ಲ. ಆ ಕಲ್ಲಿನ ಜಗಲಿಯ ಮೇಲೆ ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಸಪ್ಪೆ ಎಣ್ಣೆಗಾಯಿಯಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ. ಉಪ್ಪಿಗೆ ಕೊರತೆಯೇನೂ ಆಗಲಿಲ್ಲ ಅನ್ನಿ, ನಾದಿನಿ ಪೂಜೆಯ ಬುಟ್ಟಿಯಿಂದ ಉಪ್ಪಿನಕಾಯಿ ತೆಗೆದರು.

ಊಟ ಮಾಡುತ್ತಲೇ ನಾದಿನಿ ಉಪಾಯ ಹೇಳಿದರು. ಮುಂದಿನ ಗುರುವಾರ ಸೊರಬದ ಅಂಗಡಿಯ ಮುಂದೆ ನಿಂತಾಗ ನನ್ನ ಕೈಗೆ ಒಂದು ಚೀಲ ಕೊಟ್ಟರು. ಒಳಗೆ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳಲ್ಲಿ ಕಟ್ಟಿದ ಸಣ್ಣ ಸಣ್ಣ ಉಪ್ಪಿನ ಗಂಟುಗಳು. ಕೆಂಪು ಗಂಟು ಸಾರಿಗೆ, ಹಸಿರು ಪಲ್ಯಕ್ಕೆ, ಹಳದಿ ಮಜ್ಜಿಗೆಗೆ, ಒಂದು ಹೊತ್ತಿನ ಪಾತ್ರೆಗೆ ಒಂದು. ಪಾತ್ರೆಯ ಪಕ್ಕ ಗಂಟು ಕಟ್ಟಿದಂತೆಯೇ ಇದ್ದರೆ ಉಪ್ಪು ಹಾಕಿಲ್ಲ. ಬಿಚ್ಚಿದ್ದರೆ ಹಾಕಿಯಾಗಿದೆ. ನೆನಪಿಟ್ಟುಕೊಳ್ಳುವ ಕೆಲಸ ಬಟ್ಟೆಯದು. ಉಪ್ಪಿನ ಡಬ್ಬಿಯನ್ನೇ ಅಕ್ಕನ ಅಡುಗೆಮನೆಯಿಂದ ತೆಗೆಸಿಬಿಟ್ಟರು.

ಅಂದಿನಿಂದ ಪ್ರತಿ ಗುರುವಾರ ಸೊರಬದ ಬಸ್ಸಿನಲ್ಲಿ ನನ್ನ ಎಡಗೈಯಲ್ಲಿ ರಕ್ತದ ಡಬ್ಬಿ, ಬಲಗೈಯಲ್ಲಿ ಉಪ್ಪಿನ ಚೀಲ. ಡಬ್ಬಿ ಒಡೆದರೆ? ಚೀಲ ಒದ್ದೆಯಾದರೆ? ಎರಡೂ ಅದಲುಬದಲಾಗಿ ಡಾಕ್ಟರ ಟೇಬಲ್ಲಿನ ಮೇಲೆ ಉಪ್ಪು, ಖಾನಾವಳಿಯಲ್ಲಿ… ಆ ಯೋಚನೆಯನ್ನು ನಾನು ಪೂರ್ತಿ ಮಾಡುತ್ತಿರಲಿಲ್ಲ. ಕಂಡಕ್ಟರು ಒಮ್ಮೆ ಚೀಲ ಮುಟ್ಟಿ ನೋಡಿ, “ಏನ್ರೀ, ಮಾಟ ಮಾಡಿಸ್ಕಂಡು ಬಂದ್ರಾ?” ಎಂದು ದೂರ ಸರಿದ. ಆಮೇಲೆ ನನಗೆ ಸೀಟು ಸಲೀಸಾಗಿ ಸಿಗುತ್ತಿತ್ತು.

ಒಲೆಗೂ ಒಂದು ಕಾನೂನು ಬಂತು. ಕೊನೆಗೆ ಊಟ ಮುಗಿಸಿ ಎದ್ದವರು ಒಳಗೆ ಹೋಗಿ ಒಲೆ ನೋಡಿ ಹೋಗಬೇಕು. ಯಾಕೆಂದು ಅಕ್ಕ ಹೇಳಲಿಲ್ಲ. “ನನಗ ಬಗ್ಗಾಕ ಆಗಂಗಿಲ್ಲ, ಬಿಟ್ಟಿ ಉಂಡಂಗಾಗಬಾರ್ದು ನೋಡ್ರಿ,” ಎಂದರು. ಬ್ಯಾಂಕಿನವರೂ ಸರ್ವೆಯವರೂ ಅದನ್ನೊಂದು ಪಂದ್ಯ ಮಾಡಿಕೊಂಡು, ಕೊನೆಯವರಾಗಬಾರದೆಂದು ಗಬಗಬ ಉಣ್ಣತೊಡಗಿದರು. ಹೀಗಾಗಿ ಕೊನೆಯವನು ಯಾವಾಗಲೂ ನಾನೇ. ಒಲೆ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ನಿಜವಾಗಿ ನೋಡಿದೆನೇ ಎಂದು ಅನುಮಾನ ಬಂದು, ವಾಪಸು ಬಂದು ಮತ್ತೆ ನೋಡಿ ಹೋಗುತ್ತಿದ್ದೆ. ಅಕ್ಕ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು, ನಾನು ಮರಳಿ ಬರುತ್ತೇನೆಂದು ಗೊತ್ತಿದ್ದವರಂತೆ. ನನ್ನ ಚಿಂತೆಗೆ ಜೀವನದಲ್ಲಿ ಮೊದಲ ಸಲ ಒಂದು ಉದ್ಯೋಗ ಸಿಕ್ಕಿತ್ತು.

ಖಾನಾವಳಿಯ ಬಾಗಿಲು ಮುಚ್ಚಲಿಲ್ಲ. ಅಮಾವಾಸ್ಯೆಗೆ ಬಳ್ಳಿಗಾವಿ ತಪ್ಪಲಿಲ್ಲ. ಪ್ರತಿ ಸಲ ಆಟ ಮುಗಿದ ಮೇಲೆ ಅಕ್ಕ ನಾದಿನಿಯ ಮುಖ ನೋಡುವುದು, ನಾದಿನಿ ವರದಿ ಒಪ್ಪಿಸುವುದು. “ಅಲ್ಲೇ ಕೂತಾನೆ.” ಒಮ್ಮೆ, “ಒಂದು ಮೆಟ್ಟಿಲು ಹತ್ತಿದಾನೆ ಅತ್ತಿಗೆ.” ಒಮ್ಮೆ ಅಕ್ಕ ಚೆನ್ನಾಗಿ ನಿದ್ದೆ ಮಾಡಿದ ವಾರ, “ಈ ಸಲ ಕೆಳಗಿಳಿದು ಬೀಡಿ ಸೇದಕ್ಕೆ ಹೊರಗೆ ಹೋಗಿರಬೇಕು.” ನಾನು ತೆಗೆದ ಯಾವ ರಕ್ತದ ವರದಿಯನ್ನೂ ಅಕ್ಕ ಅಷ್ಟು ನಂಬಿಕೆಯಿಂದ ಕೇಳಿದ್ದಿಲ್ಲ.

ಆಮೇಲೆ… ಅಟ್ಟ ಹತ್ತುವುದಕ್ಕೆ ಅವನಿಗೆ ಅಕ್ಕ ಅವಕಾಶ ಕೊಡಲಿಲ್ಲ. ಒಂದು ಚಳಿಗಾಲ ಜ್ವರ ಹಿಡಿಯಿತು, ಎದೆ ಕಟ್ಟಿತು. ಕೊನೆಯ ವಾರ ನಾದಿನಿ ಯಾರನ್ನೂ ಕೇಳದೆ ಸೊರಬದಿಂದ ಬಂದು ಕೂತರು. ಹಾಸಿಗೆಯ ಮೇಲೆಯೇ ಒಂದು ಆಟ ಆಡಿದರಂತೆ. ಅವತ್ತು ನಾನು ಹೋದಾಗ ನಾದಿನಿ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ. “ಅತ್ತಿಗೆ ಸೋತರು. ನಾನು ಬಿಟ್ಟುಕೊಡಲಿಲ್ಲ.” ಒಳಗಿನಿಂದ ಅಕ್ಕ ಕೀರಲು ದನಿಯಲ್ಲಿ, “ರಕ್ತದ ಮೇಷ್ಟ್ರು ಬಂದ್ರೇನು? ನೀರು ಕುದಿಸಿ ಕೊಡೇ ಅವರಿಗೆ,” ಎಂದರು. ಕೊನೆಯವರೆಗೂ ನನ್ನ ನೀರು ಅವರಿಗೆ ಮರೆತುಹೋಗಲಿಲ್ಲ.

ಕೆಲವೇ ವರ್ಷಗಳಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಾಡಿಗೆದಾರನನ್ನು ಮೂಲೆಗೆ ಕೂರಿಸುವ ಮಾತ್ರೆಗಳು ಪುಕ್ಕಟೆ ಸಿಗತೊಡಗಿದವು. ಆ ಮಾತ್ರೆ ನುಂಗಿಕೊಂಡು, ಕೆಲಸ ಮಾಡಿಕೊಂಡು, ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುವ ಎಷ್ಟೋ ಜನರ ರಕ್ತ ನಾನೇ ತೆಗೆದಿದ್ದೇನೆ. ಪ್ರತಿ ಸಲವೂ ಸಂತೋಷವಾಗುತ್ತದೆ. ಪ್ರತಿ ಸಲವೂ ಕೆಲವು ವರ್ಷಗಳ ಲೆಕ್ಕ ಹಾಕುತ್ತೇನೆ…

ಶಿವಮೊಗ್ಗದಿಂದ ಬಂದ ಸಂಜೆ ಸೊರಬಕ್ಕೆ ಫೋನು ಮಾಡಿದೆ. ನಾದಿನಿಗೆ ಈಗ ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಿದೆ, ಅಕ್ಕ ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಗುವ ಹಾಗಿದೆಯಂತೆ, ರಕ್ತದಲ್ಲೇ ಕಾಣುತ್ತದಂತೆ ಎಂದು.

“ಹೌದಾ? ತುಟಿ ಅಲ್ಲಾಡೋದು ರಕ್ತದಲ್ಲಿ ಕಾಣ್ತದಾ?” ಎಂದರು. “ಅತ್ತಿಗೆ ಇದ್ದಿದ್ರೆ ಕೈ ಚಾಚಿ ಕೂತ್ಕಂಡು ಏನಂತಿದ್ರು ಹೇಳಿ?” ನಾನು ಹೇಳಬೇಕಾಗಲಿಲ್ಲ. ಆ ಕಡೆ ಅವರೇ ನಗುತ್ತಿದ್ದರು.

ನನ್ನ ವರದಿ ಬಂತು. ಯಾವುದೋ ವಿಟಮಿನ್ನು ಕಡಿಮೆ, ಮತ್ತೇನೂ ಇಲ್ಲ. ನಂಬಿಕೆ ಬಾರದೆ ಹೆಂಡತಿಯನ್ನು ಕೂರಿಸಿಕೊಂಡು ಅಳಗುಳಿ ಆಡಿ, ನನ್ನ ತುಟಿ ಅಲ್ಲಾಡುತ್ತದೆಯೇ ನೋಡು ಎಂದೆ. “ಮದುವೆಯಾದಾಗಿಂದ ಅಲ್ಲಾಡ್ತಾನೇ ಇದೆ,” ಎಂದು ಅವಳು ಬೀಜ ಬಾಚಿಕೊಂಡು ಗೆದ್ದಳು.

ಅವತ್ತು ಊಟ ಮುಗಿದು ಅವಳು ಎದ್ದು ಹೋದ ಮೇಲೂ ನಾನು ಕೂತೇ ಇದ್ದೆ. ಆ ಎರಡು ಬೆಂಚುಗಳ ಮೇಲೆ ಸಾಲಾಗಿ ಕೂತು ಉಂಡವರನ್ನು ನೆನಪು ಮಾಡಿಕೊಂಡೆ. ಬ್ಯಾಂಕಿನವರು ಹೋದರು. ಸರ್ವೆಯವರು ಹೋಗಿ ಎಷ್ಟೋ ವರ್ಷವಾಯಿತು. ಗುಮಾಸ್ತರು ಎಲ್ಲಿದ್ದಾರೋ ಗೊತ್ತಿಲ್ಲ. ಉಂಡು ಏಳದೆ ಉಳಿದವನು ನಾನೇ ಇರಬೇಕು.

ಎದ್ದು ಒಳಗೆ ಹೋಗಿ ಒಲೆ ನೋಡಿದೆ. ಆರಿತ್ತು. ಮಲಗುವ ಕೋಣೆಯ ಬಾಗಿಲವರೆಗೆ ಹೋಗಿ, ವಾಪಸು ಬಂದು ಮತ್ತೆ ನೋಡಿದೆ. ಬಾಗಿಲಲ್ಲಿ ಯಾರೂ ಕಾಯುತ್ತಿರಲಿಲ್ಲ…